ಮುಳ್ಳು ಸುಲಿದ ಮೇಲೆ

ಹಂದಿಬೆತ್ತ, ನಾಗಬೆತ್ತಗಳ ಬಗ್ಗೆ ಈ ವಾರ ಬರೆಯುವೆನೆಂದಿದ್ದೆ. ಅಷ್ಟರಲ್ಲಿ ಮುಳ್ಳುಪಂಥದ ಓದುಗರೊಬ್ಬರು ಕೆಣಕಿದ್ದಾರೆ: ಬೆತ್ತದ ಜಾತಿ ತಿಳಿಯಬೇಕಾದರೆ ಮುಳ್ಳು ತುಂಬಿದ ಎಲೆಕವಚ ನೋಡಬೇಕಂತೆ, ಕಾಂಡ ಕೊಯ್ಯುವುದು ವ್ಯರ್ಥವಂತೆ.

ಬೆತ್ತಗಳ ಬಗ್ಗೆ ಸಸ್ಯವಿಜ್ಞಾನಿ ಬೆಕ್ಕಾರಿ ಬರೆದ 1908ರ ಸಂಪುಟಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಕಡಿದವರು ಕವಚವನ್ನು ಕಾಡಿನಲ್ಲೇ ಸುಲಿದು ಎಸೆಯುತ್ತಾರೆ. ಡಿಪೊಗೆ ಬರುವುದು ಬರಿಯ ಬೆತ್ತ. ಕುರ್ಚಿಯ ಕಾಲಿನಲ್ಲಿ ಮುಳ್ಳು ಹುಡುಕೋಣವೆ?

ಎರಡು ಗಿಣ್ಣುಗಳ ನಡುವೆ ತೆಳ್ಳಗೆ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿಡಿ. ಕ್ಯಾಲಮಸ್ ಕುಲದ ಬೆತ್ತವಾದರೆ ನಾಳಗುಚ್ಛದಲ್ಲಿ ನೀರು ಸಾಗಿಸುವ ಅಗಲವಾದ ಒಂದೇ ಕ್ಸೈಲಮ್ ನಾಳ, ಅದರ ಎಡಬಲಕ್ಕೆ ಆಹಾರ ಸಾಗಿಸುವ ಫ್ಲೋಯಮ್‌ನ ಎರಡು ತುಣುಕು. ಡಾರ್ಜಿಲಿಂಗ್ ಕಡೆಯ ಪ್ಲೆಕ್ಟೊಕೋಮಿಯಾ ಕುಲದಲ್ಲಿ ಫ್ಲೋಯಮ್ ಒಂದೇ ತುಣುಕು. ಈ ಎರಡು ಕುಲಗಳನ್ನು ಬೇರ್ಪಡಿಸಲು ಇಷ್ಟು ಸಾಕು. ಪ್ರಭೇದವನ್ನೂ ಹೇಳುತ್ತೇನೆಂದು ಹೊರಡುವವರನ್ನು ಮಾತ್ರ ನಂಬಬೇಡಿ. ಒಂದೇ ಬೆತ್ತದಲ್ಲಿ ಬುಡಕ್ಕೂ ತುದಿಗೂ, ಅಂಚಿಗೂ ನಡುವಿಗೂ ಗುಚ್ಛಗಳ ದಟ್ಟಣೆ ಬೇರೆ. ಎಲ್ಲಿಂದ ಕೊಯ್ದದ್ದೆಂದು ಬರೆದಿಡದ ಚೂರಿಗೆ ಬೆಲೆಯಿಲ್ಲ. ಇನ್ನು ಡೀಮೊನೊರಾಪ್ಸ್ ಎಂಬ ಕುಲದಲ್ಲೂ ಫ್ಲೋಯಮ್ ಎರಡೇ ತುಣುಕು. 2015ರಲ್ಲಿ ಅದನ್ನು ಕ್ಯಾಲಮಸ್‌ಗೇ ಸೇರಿಸಿದಾಗ ಕಾಂಡ ಕೊಯ್ಯುವ ನಮಗೇನೂ ದಿಗಿಲಾಗಲಿಲ್ಲ.

ಹೆಸರಿನ ಜಗಳ ಸಾಕು, ಕಾಂಡದೊಳಗೆ ನೀರು ಸಾಗುವ ದಾರಿಗೆ ಬರೋಣ. ಟಾಮ್ಲಿನ್ಸನ್ ಮತ್ತು ಸಂಗಡಿಗರ 2001ರ ಪ್ರಬಂಧವನ್ನು ಎಷ್ಟು ಸಲ ತಿರುವಿದರೂ ನನಗೆ ಬೇಸರವಿಲ್ಲ. ಕ್ಯಾಲಮಸ್ ಕಾಂಡವನ್ನು ಸಾಲಾಗಿ ಕೊಯ್ದು, ಒಂದೊಂದು ಚೂರಿನ ಬಿಂಬವನ್ನೂ ವಿಡಿಯೊದಲ್ಲಿ ಹಿಡಿದು, ಗುಚ್ಛಗಳ ಜಾಡನ್ನು ಅವರು ಹಿಂಬಾಲಿಸಿದರು. ಎಲೆಗೆ ಹೋಗುವ ಗುಚ್ಛವನ್ನು ಕೆಳಮುಖವಾಗಿ ಹಿಡಿದು ಹೋದರೆ ಅದು ಎಲ್ಲಿಗೂ ಸೇರದೆ ಕುರುಡುಗೊನೆಯಾಗಿ ನಿಂತುಬಿಡುತ್ತದೆ! ಮರವಾಗಿ ಬೆಳೆಯುವ ತಾಳೆಗಳಲ್ಲಿರುವ ಕ್ರಮಬದ್ಧ ಸೇತುವೆಗಳು ಇಲ್ಲಿಲ್ಲ. ಗುಚ್ಛದಿಂದ ಗುಚ್ಛಕ್ಕೆ ಕಿರಿದಾದ, ಅಂಕುಡೊಂಕಾದ ಅಡ್ಡ ಕೊಂಡಿಗಳಷ್ಟೇ. ನೂರು ಮೀಟರು ದಾಟಬಲ್ಲ ಬಳ್ಳಿಗೆ ಇದೆಂಥ ನೀರಿನ ದಾರಿ? ಅದರಲ್ಲೂ ಬೆತ್ತಕ್ಕೆ ಕ್ಯಾಂಬಿಯಮ್ ಇಲ್ಲ, ಹಳೆಯ ನಾಳ ಕೆಟ್ಟರೆ ಹೊಸದು ಹುಟ್ಟದು.

ಅವರ ಊಹೆ ಸೊಗಸಾಗಿದೆ. ಕಾಂಡದ ದೊಡ್ಡ ನಾಳ ಎಲೆಯವರೆಗೆ ಹೋಗುವುದೇ ಇಲ್ಲ. ಎಲೆಯನ್ನು ಮುಟ್ಟುವ, ಮೊದಲು ಮೂಡಿದ ಸಣ್ಣ ಕ್ಸೈಲಮ್ ಆದ ಪ್ರೋಟೊಕ್ಸೈಲಮ್‌ಗೂ ಅದಕ್ಕೂ ನೇರ ಸಂಪರ್ಕವಿಲ್ಲ. ನೀರು ತಡೆಯೊಂದನ್ನು ಹಾಯ್ದೇ ಎಲೆಗೆ ತಲುಪಬೇಕು. ನೀರಿನ ಎಳೆ ತುಂಡಾಗಿ ದೊಡ್ಡ ನಾಳ ಬರಿದಾಗದಂತೆ ಕಾಯುವುದು ಬಹುಶಃ ಆ ತಡೆಯೇ.