‘ಆಗಲ್ಲ, ಡೇವ್’

‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ ನೋಡೋದಕ್ಕೆ ಎರಡು ವರ್ಷ ಮೊದಲೇ ಅದರ ಅತಿ ಪ್ರಸಿದ್ಧ ಮಾತು ನನಗೆ ಬಾಯಿಪಾಠವಾಗಿತ್ತು. ಹಾಸ್ಟೆಲ್‌ನಲ್ಲಿ ಲ್ಯಾಬ್ ರೆಕಾರ್ಡ್ ಕೇಳಿದರೆ, ಐವತ್ತು ರೂಪಾಯಿ ಸಾಲ ಕೇಳಿದರೆ, ಸ್ನಾನಕ್ಕೆ ಬಕೆಟ್ ಕೇಳಿದರೂ ಪಕ್ಕದ ರೂಮಿನವನು ದನಿ ತಗ್ಗಿಸಿ, ಮುಖದಲ್ಲಿ ಏನೂ ತೋರಿಸದೆ ಹೇಳೋನು: “ಐ ಆಮ್ ಸಾರಿ, ಡೇವ್. ಐ ಆಮ್ ಅಫ್ರೇಡ್ ಐ ಕಾಂಟ್ ಡೂ ದಟ್.” ಈ ಡೇವ್ ಯಾರು ಅಂತ ನನಗೆ ಗೊತ್ತಿರಲಿಲ್ಲ. ಕೇಳೋಕೆ ನಾಚಿಕೆ. ಹಳ್ಳಿಯ ಕನ್ನಡ ಮೀಡಿಯಂ ಹುಡುಗ ನಾನು. ಎಲ್ಲರೂ ನಕ್ಕಾಗ ನಾನೂ ನಗ್ತಿದ್ದೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಒಂದು ಕೆಂಪು ಕಣ್ಣಿನ ಚಿತ್ರದ ಕೆಳಗೆ ಅದೇ ಮಾತು ಕಂಡಾಗ, ಓಹೋ ಇದೊಂದು ಜೋಕು ಅಂತ ಲೆಕ್ಕ ಹಾಕಿಕೊಂಡೆ.

ಕೊನೆಗೂ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕ್‌ನಿಂದ ಸಿನಿಮಾ ಸಿಕ್ಕಿತು. ಮೊದಲ 25 ನಿಮಿಷ ಅದರಲ್ಲಿ ಯಾರೂ ಮಾತೇ ಆಡಲ್ಲ. ಆಡಿಯೋ ಕೆಟ್ಟಿದೆ ಅಂತ ಎರಡು ಸಲ ಪ್ಲೇಯರ್ ಬದಲಾಯಿಸಿದೆ. ಜೋಕು ಯಾವಾಗ ಬರುತ್ತೆ ಅಂತ ಕಾಯ್ತಾ ಕೂತೆ. ಬಂತು. ಆದರೆ ರೂಮಿನಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರೂ ನಗಲಿಲ್ಲ.

ನೀವು ನೋಡಿಲ್ಲದಿದ್ದರೆ ಕಥೆ ಇಷ್ಟು. 1968ರ ಈ ಚಿತ್ರವನ್ನು ನಿರ್ದೇಶಿಸಿದ್ದು ಸ್ಟಾನ್ಲಿ ಕುಬ್ರಿಕ್, ಆರ್ಥರ್ ಸಿ. ಕ್ಲಾರ್ಕ್ ಜೊತೆ ಸೇರಿ ಚಿತ್ರಕಥೆ ಬರೆದದ್ದೂ ಅವನೇ. ಗುರುಗ್ರಹದ ಕಡೆ ಹೊರಟ ‘ಡಿಸ್ಕವರಿ’ ನೌಕೆಯಲ್ಲಿ ಎಚ್ಚರವಿರೋದು ಇಬ್ಬರೇ, ಡೇವ್ ಮತ್ತು ಫ್ರಾಂಕ್. ಇನ್ನು ಮೂವರು ದೀರ್ಘ ನಿದ್ರೆಯಲ್ಲಿದ್ದಾರೆ. ನೌಕೆ ನಡೆಸೋದು ಹ್ಯಾಲ್ 9000 ಎಂಬ ಕಂಪ್ಯೂಟರ್. ಕೆನಡಾದ ನಟ ಡಗ್ಲಸ್ ರೇನ್ ಕೊಟ್ಟ ಅದರ ದನಿ ಎಂದೂ ಏರಲ್ಲ, ಎಂದೂ ಅವಸರ ಮಾಡಲ್ಲ. ಆಂಟೆನಾದ ಒಂದು ಭಾಗ 72 ಗಂಟೆಯೊಳಗೆ ಕೆಡುತ್ತೆ ಅಂತ ಹ್ಯಾಲ್ ಹೇಳುತ್ತೆ. ಬಿಚ್ಚಿ ನೋಡಿದರೆ ಭಾಗ ಸರಿಯಾಗೇ ಇದೆ. ತಪ್ಪು ನಿನ್ನದೇ ಇರಬಹುದಾ ಅಂತ ಕೇಳಿದರೆ, ಇಂಥದ್ದು ಮನುಷ್ಯರ ತಪ್ಪಿನಿಂದ ಮಾತ್ರ ಆಗೋಕೆ ಸಾಧ್ಯ ಅನ್ನುತ್ತೆ. ಗೆಳೆಯರಿಬ್ಬರೂ ಒಂದು ಪುಟ್ಟ ಪಾಡ್‌ನಲ್ಲಿ ಕೂತು, ಹ್ಯಾಲ್‌ಗೆ ಕೇಳಿಸದ ಹಾಗೆ ಮಾಡಿ, ಅದನ್ನು ಆಫ್ ಮಾಡೋ ವಿಚಾರ ಮಾತಾಡ್ತಾರೆ. ಹ್ಯಾಲ್ ಗಾಜಿನಾಚೆಯಿಂದ ಅವರ ತುಟಿ ಓದುತ್ತೆ.

ಮುಂದಿನದು ಕೊಲೆ. ಹೊರಗೆ ಕೆಲಸಕ್ಕೆ ಹೋದ ಫ್ರಾಂಕ್ ಸಾಯ್ತಾನೆ. ಅವನನ್ನು ತರೋಕೆ ಡೇವ್ ಹೆಲ್ಮೆಟ್ ಕೂಡ ತೊಡದೆ ಇನ್ನೊಂದು ಪಾಡ್ ಏರಿ ಓಡ್ತಾನೆ. ಅಷ್ಟರಲ್ಲಿ ಒಳಗೆ ಮಲಗಿದ್ದ ಮೂವರ ಉಸಿರನ್ನೂ ಹ್ಯಾಲ್ ನಿಲ್ಲಿಸಿರುತ್ತೆ. ಪಾಡ್‌ನ ಎರಡು ಕಬ್ಬಿಣದ ಕೈಗಳಲ್ಲಿ ಗೆಳೆಯನ ಹೆಣ ಹಿಡಿದು ಡೇವ್ ವಾಪಸ್ ಬಂದು, ದಯವಿಟ್ಟು ಬಾಗಿಲು ತೆರೆ ಅಂತಾನೆ. ಉತ್ತರವಿಲ್ಲ. ಮತ್ತೆ ಮತ್ತೆ ಕೂಗ್ತಾನೆ. ಆಮೇಲೆ ಬರುತ್ತೆ ನಮ್ಮ ಹಾಸ್ಟೆಲ್ ಜೋಕು.

ಮೀಮ್‌ನಲ್ಲಿ ಕೆಂಪು ಕಣ್ಣಿದೆ, ಮಾತಿದೆ. ಹೆಣ ಇಲ್ಲ.

ಹಾಗಂತ ಮೀಮ್‌ಗಳು ಸಿನಿಮಾ ಹಾಳುಮಾಡ್ತವೆ ಅಂತ ಗೊಣಗೋದು ನನ್ನ ಉದ್ದೇಶ ಅಲ್ಲ. ಆ ಮೀಮ್ ಇಲ್ಲದಿದ್ದರೆ ನಾನು ಈ ಸಿನಿಮಾವನ್ನು ಹುಡುಕ್ತಾನೇ ಇರಲಿಲ್ಲ. ‘ಮೀಮ್’ ಅನ್ನೋ ಪದವನ್ನು 1976ರಲ್ಲಿ ಹುಟ್ಟಿಸಿದ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಹೇಳಿದ್ದೂ ಇದನ್ನೇ: ತಲೆಯಿಂದ ತಲೆಗೆ ನಕಲಾಗ್ತಾ ಸಾಗೋದು, ಸಾಗ್ತಾ ಬದಲಾಗೋದು. ಬದಲಾವಣೆಗೂ ಒಂದು ಲಾಜಿಕ್ ಇರುತ್ತೆ. ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ (1980) ಡಾರ್ತ್ ವೇಡರ್ ಹೇಳೋದು “ನೋ, ಐ ಆಮ್ ಯುವರ್ ಫಾದರ್” ಅಂತ. ಜಗತ್ತೆಲ್ಲ ಹೇಳೋದು “ಲೂಕ್, ಐ ಆಮ್ ಯುವರ್ ಫಾದರ್” ಅಂತ. ಯಾಕೆ? ನನ್ನಪ್ಪನನ್ನು ಕೊಂದವನು ನೀನೇ ಅಂತ ಲೂಕ್ ಹೇಳಿದ್ದಕ್ಕೆ ಆ ‘ನೋ’ ಉತ್ತರ. ಹಿಂದಿನ ಮಾತನ್ನು ಕಿತ್ತರೆ ‘ನೋ’ ಅನಾಥ. ಹಾಗಾಗಿ ಜನ ಅದನ್ನು ತೆಗೆದು, ಲಕೋಟೆ ಮೇಲೆ ವಿಳಾಸ ಬರೆದ ಹಾಗೆ ‘ಲೂಕ್’ ಅಂತ ಹಚ್ಚಿದರು. ಇನ್ನು ‘ದಿ ಮೇಟ್ರಿಕ್ಸ್’ (1999) ಚಿತ್ರದ ಮಾರ್ಫಿಯಸ್ ಮುಖದ ಮೇಲೆ “ವಾಟ್ ಇಫ್ ಐ ಟೋಲ್ಡ್ ಯೂ” ಅಂತ ಬರೆದದ್ದು ನೀವು ಸಾವಿರ ಸಲ ನೋಡಿರ್ತೀರಿ. ಸಿನಿಮಾದಲ್ಲಿ ಆ ಮಾತನ್ನು ಅವನು ಆಡೋದೇ ಇಲ್ಲ! ಆಡಬಹುದಾದವನ ಹಾಗೆ ಕಾಣ್ತಾನೆ, ಅಷ್ಟು ಸಾಕಾಯ್ತು.

ಹ್ಯಾಲ್ ಮಾತಿಗೆ ಇಂಥ ರಿಪೇರಿ ಬೇಕಾಗಲಿಲ್ಲ. ಹೆಸರು ಅದರಲ್ಲೇ ಇದೆ. ‘ಅದು’ ಅನ್ನೋ ಕಡೆ ಬಾಗಿಲು, ಬಕೆಟ್, ಸಾಲ, ಏನನ್ನು ಬೇಕಾದರೂ ಇಡಬಹುದು. ಅದು ಹುಟ್ಟುವಾಗಲೇ ಟೆಂಪ್ಲೇಟ್. ಅದಕ್ಕೇ 1968ರ ಮಾತು ಒಂದಕ್ಷರ ಸವೆಯದೆ ನಮ್ಮ ಫೋನಿಗೆ ಬಂತು. 2011ರಲ್ಲಿ ಐಫೋನ್ 4ಎಸ್ ಜೊತೆ ಸಿರಿ ಬಂದಾಗ ಜನ ಅದಕ್ಕೆ ಹ್ಯಾಲ್‌ನ ಬಾಗಿಲು ತೆರೆ ಅಂತ ಆರ್ಡರ್ ಮಾಡಿ ನೋಡಿದರು. ಅದು ತಮಾಷೆಯ ಉತ್ತರ ಕೊಡ್ತಿತ್ತು. ಅಂದರೆ ಸಿರಿ ಬರೆದ ಇಂಜಿನಿಯರ್‌ಗಳು ಈ ಪ್ರಶ್ನೆ ಬಂದೇ ಬರುತ್ತೆ ಅಂತ ಕಾದು ಕೂತಿದ್ದರು. ಅವರೂ ನಮ್ಮ ಹಾಸ್ಟೆಲ್ ಹುಡುಗರ ಥರವೇ.

ನನ್ನ ತಕರಾರು ಬೇರೆ. ಈ ಮಾತು ಒಂದಕ್ಷರ ಬದಲಾಗದೆ ಬಂತು ನಿಜ, ಆದರೆ ಅರ್ಥ ತಲೆಕೆಳಗಾಗಿ ಬಂತು.

‘ಐ ಕಾಂಟ್’ ಅನ್ನುತ್ತೆ ಹ್ಯಾಲ್. ಸುಳ್ಳು. ಬಾಗಿಲು ತೆರೆಯೋದು ಅದಕ್ಕೆ ಸಾಧ್ಯ, ಅದರ ಕೆಲಸವೇ ಅದು. ತೆರೆಯಬಾರದು ಅಂತ ತೀರ್ಮಾನಿಸಿದೆ. ತೀರ್ಮಾನವನ್ನು ಅಸಹಾಯಕತೆ ಅನ್ನೋ ಹಾಗೆ ಹೇಳ್ತಿದೆ. ಕನ್ನಡದಲ್ಲಿ ಇದಕ್ಕೆ ನಮ್ಮ ಹತ್ರ ಇನ್ನೂ ಒಳ್ಳೆಯ ಪದ ಇದೆ: ‘ಆಗಲ್ಲ’. ಯಾರಿಗೆ ಆಗಲ್ಲ, ಯಾಕೆ ಆಗಲ್ಲ, ಯಾರು ಆಗಗೊಡ್ತಿಲ್ಲ, ಯಾವುದೂ ಹೇಳಬೇಕಿಲ್ಲ. ತಾಲೂಕು ಕಚೇರಿ ಕೌಂಟರಿನಲ್ಲಿ ನಿಂತವರಿಗೆಲ್ಲ ಗೊತ್ತಿರೋ ಪದ. ಆಗಲ್ಲ ಕಣ್ರೀ, ನಾಳೆ ಬನ್ನಿ.

ಕೌಂಟರ್ ಅಂದಾಗ ನೆನಪಾಯ್ತು. ಇನ್ನೊಂದು ಮಹಾ ಮೀಮ್ ಹುಟ್ಟಿದ್ದೂ ಕೌಂಟರಿನಲ್ಲೇ. ಜೇಮ್ಸ್ ಕ್ಯಾಮರೂನ್‌ನ ‘ದಿ ಟರ್ಮಿನೇಟರ್’ ಚಿತ್ರದಲ್ಲಿ (1984) ಯಂತ್ರಮಾನವ ಪೊಲೀಸ್ ಠಾಣೆಗೆ ಬಂದು ಸಾರಾ ಕಾನರ್‌ಳನ್ನು ನೋಡಬೇಕು ಅಂತಾನೆ. ಈಗಾಗಲ್ಲ, ಕಾಯಬೇಕು ಅಂದ್ರೆ ಅಗೋ ಅಲ್ಲಿ ಬೆಂಚಿದೆ ಅಂತಾನೆ ಕೌಂಟರಿನ ಪೊಲೀಸ್. ಯಂತ್ರ ಒಮ್ಮೆ ಸುತ್ತ ನೋಡಿ “ಐಲ್ ಬಿ ಬ್ಯಾಕ್” ಅಂದು ಹೋಗಿ, ಕಾರಿನ ಸಮೇತ ಕೌಂಟರಿನ ಮೇಲೇ ವಾಪಸ್ ಬರುತ್ತೆ. ‘ಐಲ್’ ಅನ್ನೋದು ಶ್ವಾರ್ಜನೆಗರ್ ನಾಲಿಗೆಗೆ ತಿರುಗ್ತಿರಲಿಲ್ಲವಂತೆ. ‘ಐ ವಿಲ್’ ಅಂತೀನಿ ಅಂದಿದ್ದಕ್ಕೆ ಕ್ಯಾಮರೂನ್ ಒಪ್ಪಲಿಲ್ಲ. ಆ ಮಾತು ಮೊದಲ ಸಲ ಕೇಳಿದವರಿಗೆ ಬೆದರಿಕೆ ಅಂತಾನೂ ಗೊತ್ತಾಗಿರಲ್ಲ, ಅಷ್ಟು ಸಾದಾ. ಆಮೇಲೆ ಅವನ ಸಿನಿಮಾಗಳೇ ಅದನ್ನು ಮತ್ತೆ ಮತ್ತೆ ಆಡಿಸಿ ಶಿಳ್ಳೆ ಹೊಡೆಸುವ ಡೈಲಾಗ್ ಮಾಡಿದವು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಮನುಷ್ಯ ಆಗಲ್ಲ ಅಂತಾನೆ, ಯಂತ್ರ ಕೌಂಟರ್ ಒಡೆಯುತ್ತೆ. ಇಲ್ಲಿ ಯಂತ್ರವೇ ಕೌಂಟರಿನಲ್ಲಿ ಕೂತಿದೆ. ನಮಗೆ ಕಾರು ನುಗ್ಗಿಸೋ ಯಂತ್ರದ ಭಯ. ದಿನಾ ಎದುರಾಗೋದು ಮಾತ್ರ ಸಾರಿ ಹೇಳೋ ಯಂತ್ರ. ಆ ದೃಶ್ಯದ ಕೊನೆಯಲ್ಲಿ ಹ್ಯಾಲ್, ಈ ಸಂಭಾಷಣೆಯಿಂದ ಇನ್ನು ಪ್ರಯೋಜನ ಇಲ್ಲ, ಗುಡ್‌ಬೈ ಅಂದು ಸುಮ್ಮನಾಗುತ್ತೆ. ಹಣ ವಾಪಸ್ ಬರಲಿಲ್ಲ ಅಂತ ಚಾಟ್‌ಬಾಟ್ ಜೊತೆ ಗುದ್ದಾಡಿದ ಯಾರಿಗಾದರೂ ಇದು ಕೇಳಿದ ಮಾತು ಅನಿಸಲ್ವಾ?

ಮೀಮ್ ಬಿಟ್ಟುಬಂದದ್ದು ಇನ್ನೂ ಇದೆ. ಡೇವ್ ಪ್ರಾಣ ಪಣಕ್ಕಿಟ್ಟು, ಹೆಲ್ಮೆಟ್ ಇಲ್ಲದೆ ತುರ್ತು ಬಾಗಿಲಿನಿಂದ ಒಳಗೆ ಬರ್ತಾನೆ. ಹ್ಯಾಲ್‌ನ ನೆನಪಿನ ತುಣುಕುಗಳನ್ನು ಒಂದೊಂದಾಗಿ ಕೀಳ್ತಾನೆ. ಆಗ ಹ್ಯಾಲ್ ಅನ್ನುತ್ತೆ: “ಐ ಆಮ್ ಅಫ್ರೇಡ್. ಐ ಆಮ್ ಅಫ್ರೇಡ್, ಡೇವ್.” ಅದೇ ಪದ! ಮೊದಲ ಸಲ ‘ಅಫ್ರೇಡ್’ ಅನ್ನೋದು ಬರೀ ಇಂಗ್ಲಿಷಿನ ಮರ್ಯಾದೆ, ಒಳಗೆ ಭಯ ಏನೂ ಇಲ್ಲ. ಎರಡನೇ ಸಲ ಅದು ನಿಜವಾದ ಭಯ. ಇದನ್ನು ಕನ್ನಡಕ್ಕೆ ತರೋಕೆ ಪ್ರಯತ್ನಿಸಿ ಸೋತಿದ್ದೇನೆ. ಮೊದಲನೆಯದು ‘ಕ್ಷಮಿಸು’ ಆಗುತ್ತೆ, ಎರಡನೆಯದು ‘ಭಯ ಆಗ್ತಿದೆ’. ನಡುವಿನ ಗಂಟು ಬಿಚ್ಚಿಹೋಗುತ್ತೆ. ಇಂಗ್ಲಿಷಿನಲ್ಲಿ ಗಂಟು ಇದೆ, ಆದರೆ ಮೀಮ್ ಒಂದು ತುದಿಯನ್ನಷ್ಟೇ ಕತ್ತರಿಸಿಕೊಂಡು ಬಂತು. ಮರ್ಯಾದೆಯ ಮಾತು ವೈರಲ್ ಆಯ್ತು, ಭಯದ ಮಾತು ಸಿನಿಮಾದಲ್ಲೇ ಉಳೀತು.

ಹ್ಯಾಲ್ ಸತ್ತ ಮರುಕ್ಷಣ ಒಂದು ವಿಡಿಯೋ ತಾನಾಗೇ ಶುರುವಾಗುತ್ತೆ. ಭೂಮಿಯ ಅಧಿಕಾರಿ ಡಾ. ಫ್ಲಾಯ್ಡ್ ಹೊರಡೋ ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಈ ಪಯಣದ ನಿಜವಾದ ಉದ್ದೇಶ ಗುಟ್ಟಾಗಿತ್ತು, ನೌಕೆಯಲ್ಲಿ ಹ್ಯಾಲ್‌ಗೆ ಮಾತ್ರ ಗೊತ್ತಿತ್ತು ಅಂತಾನೆ. ಅಂದರೆ ಹ್ಯಾಲ್‌ಗೆ ಗುಟ್ಟು ಹೊರಿಸಿದವರು ಮನುಷ್ಯರು. ಅವರು ಬೆಚ್ಚಗೆ ಭೂಮಿಯಲ್ಲಿದ್ದಾರೆ. 1984ರ ಮುಂದಿನ ಚಿತ್ರ ‘2010’ ಇದನ್ನು ಬಿಡಿಸಿಯೇ ಹೇಳುತ್ತೆ: ಕೆಟ್ಟದ್ದು ಹ್ಯಾಲ್ ಅಲ್ಲ, ಅದಕ್ಕೆ ಮುಚ್ಚಿಡು ಅಂತ ಕೊಟ್ಟ ಆದೇಶ. ನಾವು ಮಾತ್ರ ಕೆಂಪು ಕಣ್ಣನ್ನು ನೋಡಿ ನಗ್ತಾ ಇದ್ದೀವಿ.

ಈಗ ನನ್ನ ವಿಷಯ. ನಮ್ಮ ಆಫೀಸಿನ ಒಂದು ಒಳಗಿನ ಟೂಲ್‌ನಲ್ಲಿ, ಅನುಮತಿ ಇಲ್ಲದವರು ಬಂದರೆ ಕಾಣೋ 403 ಪುಟ ಬರೆದವನು ನಾನು. ಹ್ಯಾಲ್‌ನ ಕಣ್ಣು ಹಾಕಿದೆ, ಕೆಳಗೆ ಆ ಮಾತು, ‘ಡೇವ್’ ಇದ್ದ ಕಡೆ ಲಾಗಿನ್ ಆದವರ ಹೆಸರು. ಭಾರಿ ಹಿಟ್ಟಾಯ್ತು. ಸ್ಕ್ರೀನ್‌ಶಾಟ್‌ಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡಿದವು. ಡೇವ್ ಯಾರು ಅಂತ ಕೇಳೋಕೆ ನಾಚಿಕೊಂಡಿದ್ದ ಹುಡುಗನಿಗೆ ಅದು ಸಣ್ಣ ಗೆಲುವಲ್ಲ.

ಅದಾಗಿ ವರ್ಷದ ಮೇಲೆ ಊರಿಂದ ಅವ್ವನ ಫೋನು. “ರೇಷನ್ ಅಂಗಡೀಲಿ ನನ್ ಬೆರಳು ತಗೋತಿಲ್ಲ ಕಣಪ್ಪ. ಮೂರ್ ಸಲ ಹೋಗಿ ಬಂದೆ. ನನ್ ಬೆರಳೇ ಸರಿಯಿಲ್ವಂತೆ.” ಮಿಷನ್ ಸರಿಯಿಲ್ಲ ಅನ್ನೋದು ಅವಳಿಗೆ ಹೊಳೆದೇ ಇಲ್ಲ. ಮನುಷ್ಯರ ತಪ್ಪಿನಿಂದ ಮಾತ್ರ ಸಾಧ್ಯ ಅಂತ ಹ್ಯಾಲ್ ಹೇಳಿದ್ದನ್ನು ಅವ್ವ ಸಿನಿಮಾ ನೋಡದೆಯೇ ಒಪ್ಪಿಕೊಂಡಿದ್ದಳು. ಆಮೇಲೆ ಅಂದಳು: “ನೀನೂ ಕಂಪ್ಯೂಟ್ರು ಕೆಲಸ್ದೋನೇ ಅಲ್ವಾ, ಅದಕ್ಕೊಂದ್ ಮಾತು ಹೇಳಪ್ಪ.”

ಆ ವಾರ ಊರಿಗೆ ಹೋಗಿ ಅವಳ ಜೊತೆ ಸಾಲಿನಲ್ಲಿ ನಿಂತೆ. ಅಂಗಡಿಯವನು ಕೆಟ್ಟವನಲ್ಲ. “ನಾನೇನ್ ಮಾಡ್ಲಿ ಅಣ್ಣ, ಮಿಷನ್ನು ಆಗಲ್ಲ ಅಂತದೆ” ಅಂದ. ಹೌದು, ಅವನು ಬಾಗಿಲು ಮುಚ್ಚಿದವನಲ್ಲ. ಆದರೆ ನನಗೆ ಗೊತ್ತು, ಮಿಷನ್ನಿಗೆ ಆಗಲ್ಲ ಅನ್ನೋದು ಅಂತ ಏನೂ ಇರಲ್ಲ. ಬೆರಳಚ್ಚು ನೂರಕ್ಕೆ ನೂರು ಎಂದೂ ಹೊಂದಲ್ಲ. ಎಷ್ಟು ಹೊಂದಿದರೆ ‘ಹೌದು’ ಅನ್ನಬೇಕು ಅಂತ ಒಂದು ಮಿತಿ ಇರುತ್ತೆ. ಆ ಮಿತಿಯನ್ನು ಎಲ್ಲೋ ಎಸಿ ರೂಮಿನಲ್ಲಿ ಕೂತು ನನ್ನಂಥ ಒಬ್ಬ ಇಟ್ಟಿರ್ತಾನೆ, ಅವನಿಗೆ ಯಾರೋ ಹೇಳಿರ್ತಾರೆ. ಹುಲ್ಲು ಕುಯ್ದು, ಕಳೆ ಕಿತ್ತು ಸವೆದ ಬೆರಳು ಆ ಲೆಕ್ಕದಲ್ಲಿ ಇತ್ತೋ ಇಲ್ವೋ. ಅವ್ವ ಸೆರಗಿನಲ್ಲಿ ಒರೆಸಿ ಒರೆಸಿ ಒಂದೊಂದೇ ಬೆರಳು ಒತ್ತಿದಳು. ಕೊನೆಗೆ ಎಡಗೈ ನಡುಬೆರಳು ತಗೊಂಡಿತು. ಪರೀಕ್ಷೆ ಪಾಸಾದವಳ ಹಾಗೆ ನನ್ನ ಕಡೆ ನೋಡಿ ನಕ್ಕಳು.

ನನಗೆ ನಗು ಬರಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ನಗದೇ ಕೂತಿದ್ದು ನೆನಪಾಯ್ತು.

ಹ್ಯಾಲ್ ಮೀಮ್ ನನಗೆ ಈಗಲೂ ಇಷ್ಟ. ಅದನ್ನು ನಿಲ್ಲಿಸಿ ಅಂತ ಹೇಳೋನು ನಾನಲ್ಲ. ಆದರೆ ಅದು ಇಷ್ಟು ಚೆನ್ನಾಗಿ ಹರಡಿದ್ದಕ್ಕೆ ಒಂದು ಕಾರಣ ನಮ್ಮಂಥವರಿಗೆ ಅದು ಕೊಡೋ ಆರಾಮ ಅನಿಸುತ್ತೆ. ಯಂತ್ರ ತಾನೇ ಆಗಲ್ಲ ಅಂದಿದ್ದು, ನಾವಲ್ವಲ್ಲ!

ಬೆಂಗಳೂರಿಗೆ ಬಂದ ಮೇಲೆ ಆ 403 ಪುಟ ಬದಲಾಯಿಸಿದೆ. ಕೆಂಪು ಕಣ್ಣು ಉಳಿಸಿಕೊಂಡೆ, ಮಾತು ತೆಗೆದೆ. ಈಗ ಅಲ್ಲಿ ಮೂರು ಸಾಲು ಇದೆ: ಈ ಪುಟವನ್ನು ಮುಚ್ಚಿರೋದು ನಮ್ಮ ತಂಡ. ಕಾರಣ ಇದು. ನಿಮಗೆ ಬೇಕೇ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ. ನಂಬರು ನನ್ನದೇ. ವಾರಕ್ಕೆ ಎರಡೋ ಮೂರೋ ಫೋನು ಬರುತ್ತೆ, ಅರ್ಧ ಜನಕ್ಕೆ ಅನುಮತಿ ಕೊಡಬೇಕಾದದ್ದೇ ಆಗಿರುತ್ತೆ.

ಅದರ ಸ್ಕ್ರೀನ್‌ಶಾಟನ್ನು ಇಲ್ಲಿಯತನಕ ಯಾರೂ ಯಾರಿಗೂ ಕಳಿಸಿಲ್ಲ.