ಗ್ರಬ್: ಎರಡು ವ್ಯವಸ್ಥೆಗಳ ನಡುವಿನ ಹೊಸ್ತಿಲು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಾಗ, ಯಂತ್ರ ಚಾಲೂ ಆದೊಡನೆ ಕಾಣುವ ಆಯ್ಕೆಪಟ್ಟಿ ಹೆಚ್ಚಾಗಿ ಗ್ರಬ್‌ನದು. 1995ರಲ್ಲಿ ಎರಿಕ್ ಬೋಲಿನ್ ಗ್ನೂ ಹರ್ಡ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬರೆಯತೊಡಗಿದ ಬೂಟ್‌ಲೋಡರ್ ಇದು.

ಹಳೆಯ ಬಯಾಸ್ ಯಂತ್ರಗಳ ಇಕ್ಕಟ್ಟನ್ನು ಅರಿತರೆ ಇದರ ಜಾಣ್ಮೆ ತಿಳಿಯುತ್ತದೆ. ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್, ಡಿಸ್ಕಿನ ಮೊದಲ 512 ಬೈಟ್‌ಗಳನ್ನಷ್ಟೇ ಓದುತ್ತದೆ. ಪಾರ್ಟಿಷನ್ ಪಟ್ಟಿಗೆ 64, ಗುರುತಿಗೆ 2 ಕಳೆದರೆ ಉಳಿಯುವುದು 446. ಅಷ್ಟರಲ್ಲಿ ಮೆನು ಹಿಡಿಸದು. ಹಾಗಾಗಿ ಗ್ರಬ್‌ನ ಮೊದಲ ತುಣುಕು ಮುಂದಿನ ತುಣುಕನ್ನು ಎತ್ತಿ ತರುವುದೊಂದನ್ನೇ ಮಾಡುತ್ತದೆ. ಎಂಥ ಮಿತವ್ಯಯ!

ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಹಿಂದಿನ ಬೂಟ್‌ಲೋಡರ್ ಲಿಲೊ, ಲಿನಕ್ಸಿನ ತಿರುಳಾದ ಕರ್ನಲ್ ಡಿಸ್ಕಿನ ಯಾವ ಬ್ಲಾಕ್‌ಗಳಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಾದ ಮೇಲೆ ಲಿಲೊವನ್ನು ಮತ್ತೆ ಓಡಿಸಲು ಮರೆತರೆ ಯಂತ್ರ ಏಳದೆ ಹೋಗಬಹುದಿತ್ತು. ಗ್ರಬ್ ಫೈಲ್ ಸಿಸ್ಟಮನ್ನೇ ಓದಿ, ಕರ್ನಲ್ಲನ್ನು ಹೆಸರಿನಿಂದ ಹುಡುಕುತ್ತದೆ. ಮೆನುವಿನಲ್ಲಿ 'ಇ' ಕೀಲಿ ಒತ್ತಿ ಆಜ್ಞೆಗಳನ್ನು ಅಲ್ಲಿಯೇ ತಿದ್ದಬಹುದು. ಕೆಟ್ಟ ಯಂತ್ರವನ್ನು ಎಬ್ಬಿಸಲು ಇದಕ್ಕಿಂತ ಉಪಕಾರಿಯಾದ ಸೌಲಭ್ಯ ವಿರಳ.

ವಿಂಡೋಸ್ ಆಯ್ದರೆ ಗ್ರಬ್ ಅದರ ಸ್ವಂತ ಲೋಡರಿಗೆ ಹೊಣೆ ದಾಟಿಸಿ ಸರಿಯುತ್ತದೆ.

ಬಯಾಸ್ ಕಾಲದಲ್ಲಿ ವಿಂಡೋಸನ್ನು ಮೊದಲು, ಲಿನಕ್ಸನ್ನು ಆಮೇಲೆ ಹಾಕುವುದು ರೂಢಿಯಾಗಿತ್ತು. ಇಲ್ಲವಾದರೆ ವಿಂಡೋಸ್ ಆ ಮೊದಲ ಬೈಟ್‌ಗಳ ಮೇಲೆ ತನ್ನದನ್ನು ಬರೆದುಬಿಡುತ್ತಿತ್ತು. ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್ಐ ಇರುವ ಯಂತ್ರಗಳಲ್ಲಿ ಪ್ರತಿ ವ್ಯವಸ್ಥೆಯ ಲೋಡರಿಗೂ ಒಂದು ಸಣ್ಣ ಪಾರ್ಟಿಷನ್ನಿನಲ್ಲಿ ಪ್ರತ್ಯೇಕ ಫೋಲ್ಡರ್ ಇರುವುದರಿಂದ ಆ ಭಯ ಬಹಳ ತಗ್ಗಿದೆ.