ಚಾರ್ಜರ್ ಬೇಡದ ಗೆಳೆಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಎಂಜಿನಿಯರಿಂಗ್, ಡಿಪ್ಲೊಮಾ ಹುಡುಗರ ಬ್ಯಾಗಿನಲ್ಲಿ ಮೊಬೈಲು ಬದಲಾಗುತ್ತಲೇ ಇರುತ್ತದೆ. ಬದಲಾಗದೆ ಉಳಿಯುವುದು ಸೈಂಟಿಫಿಕ್ ಕ್ಯಾಲ್ಕುಲೇಟರ್. ಸೀನಿಯರ್ ಅಣ್ಣನಿಂದ ಜೂನಿಯರ್ ತಮ್ಮನಿಗೆ ದಾಟಿ ಬಂದದ್ದಾದರೆ ಅದರ ಬೆನ್ನ ಮೇಲೆ ವೈಟ್ನರಿನಲ್ಲಿ ಬರೆದ ಹಳೆಯ ಹೆಸರೂ ಇರುತ್ತದೆ.

ಕ್ಯಾಸಿಯೊ ಕಂಪನಿ 1957ರಲ್ಲಿ ತಂದ ಮೊದಲ ಕ್ಯಾಲ್ಕುಲೇಟರ್ 14-ಎ ಒಂದು ಮೇಜಿನಷ್ಟು ದೊಡ್ಡದು; ಒಳಗೆ 342 ರಿಲೇಗಳು. ಇಂದಿನ ಎಫ್‌ಎಕ್ಸ್-991 ಎಂಎಸ್ ಅಂಗೈಯಲ್ಲಿ ಕೂರುತ್ತದೆ. ಸೌರಫಲಕಕ್ಕೆ ಬೆಳಕು, ಜೊತೆಗೊಂದು ಗುಂಡಿ ಸೆಲ್ಲು, ಅಷ್ಟು ಸಾಕು. ಕರೆಂಟು ಹೋದರೂ ಅದಕ್ಕೆ ಚಿಂತೆಯಿಲ್ಲ.

ಇದರ ಜಾಣ್ಮೆ ಇಂಟಿಗ್ರೇಶನ್ ಗುಂಡಿಯಲ್ಲಿದೆ. ವಕ್ರರೇಖೆಯ ಕೆಳಗಿನ ಜಾಗವನ್ನು ಸಣ್ಣ ಪಟ್ಟಿಗಳಾಗಿ ಸೀಳಿ ಕೂಡಿಸುವ ಸಿಂಪ್ಸನ್ ನಿಯಮವನ್ನೇ ಅದು ಬಳಸುತ್ತದೆ. ಮಾಸ್ತರರು ಹಲಗೆ ತುಂಬ ಬಿಡಿಸುವ ಲೆಕ್ಕ ಅದು. ಮೂರು ಅಜ್ಞಾತಗಳ ಸಮೀಕರಣ, ಘನ ಸಮೀಕರಣಗಳೂ ಅದಕ್ಕೆ ನೀರು ಕುಡಿದಷ್ಟು ಸಲೀಸು.

ಆದರೆ ಅದು ಹೇಳಿದಷ್ಟೇ ಮಾಡುತ್ತದೆ. ಡಿಗ್ರಿಯಲ್ಲಿಟ್ಟು ಸೈನ್ 30 ಒತ್ತಿದರೆ 0.5, ರೇಡಿಯನ್ನಿನಲ್ಲಿಟ್ಟರೆ ಮೈನಸ್ 0.988. ಪರದೆಯ ಮೇಲಿನ ಪುಟ್ಟ ‘ಡಿ’, ‘ಆರ್’ ಅಕ್ಷರ ನೋಡಿಕೊಳ್ಳುವ ಹೊಣೆ ಹುಡುಗನದೇ. ಅದಕ್ಕೆ ನೆಟ್ಟಿಲ್ಲ, ರೀಲ್ಸಿಲ್ಲ. ಮನೆಯಲ್ಲಿ ಕನ್ನಡವಾಡಲಿ, ಮರಾಠಿಯಾಡಲಿ, ಎಲ್ಲರಿಗೂ ಒಂದೇ ಉತ್ತರ. ಪರೀಕ್ಷಾ ಕೋಣೆಯ ಬಾಗಿಲಲ್ಲಿ ಮೊಬೈಲು ಹೊರಗುಳಿದಾಗ ಒಳಗೆ ಬರುವ ಯಂತ್ರ ಇದೊಂದೇ. ಆ ನಂಬಿಕೆಯನ್ನು ಅದು ದುಡಿದು ಗಳಿಸಿದೆ.